ಸೈಕಲ್ ಗಾಲಿಯ ಮೇಲೆ ಉರುಳಿದ ನನ್ನ ಎಂ.ಟೆಕ್

ಮೂವತ್ನಾಲ್ಕನೇ ವಯಸ್ಸಿಗೆ ಸೈಟ್ ಎಂಜಿನಿಯರ್ ಕೆಲಸ ಬಿಟ್ಟು ಇನ್‌ಫ್ರಾಸ್ಟ್ರಕ್ಚರ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಓದಲು ಹೊರಟಾಗ ನಮ್ಮ ಮಾವ ಕೇಳಿದ್ದು ಒಂದೇ ಮಾತು: "ಇದನ್ನ ಓದಿದ್ರ ಪಗಾರ ಎಷ್ಟ್ ಹೆಚ್ಚಾಗ್ತದ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಎಂ.ಟೆಕ್‌ನ ರಾಷ್ಟ್ರೀಯ ಪರೀಕ್ಷೆ ಗೇಟ್ ಎರಡು ಸಲ ಬರೆದಿದ್ದೆ, ಎರಡೂ ಸಲ ಕೈಕೊಟ್ಟಿತ್ತು. ಗೇಟ್ ಪಾಸಾದವರಿಗೆ ಸಿಗುತ್ತಿದ್ದ ತಿಂಗಳಿಗೆ 12,400ರ ಸ್ಟೈಪೆಂಡ್ ಆಸೆ ಅಲ್ಲಿಗೇ ಹೋಯಿತು. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಸೀಟು ಸಿಕ್ಕಿತು. ಎರಡು ವರ್ಷದ ಫೀ, ರೂಮು, ಊಟ ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ. ಬಿಟ್ಟ ಪಗಾರವನ್ನೂ ಕೂಡಿಸಿದರೆ ಹತ್ತು ದಾಟುತ್ತದೆ, ಅದಕ್ಕೇ ಕೂಡಿಸುವುದಿಲ್ಲ. ಹೆಂಡತಿಯ ಬಂಗಾರ ಹದಿನಾಲ್ಕು ತಿಂಗಳು ಸೊಸೈಟಿಯಲ್ಲಿತ್ತು.

ಮೊದಲ ವರ್ಷದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪ್ರಾಜೆಕ್ಟ್ ಫೈನಾನ್ಸ್ ಒಂದೇ ನನ್ನನ್ನು ಎದ್ದು ಕೂರಿಸಿದ್ದು. ಹೆದ್ದಾರಿ ಗುತ್ತಿಗೆಯ ಹ್ಯಾಮ್ (ಹೈಬ್ರಿಡ್ ಆನ್ಯುಯಿಟಿ) ಮಾಡೆಲ್‌ನಲ್ಲಿ ಗುತ್ತಿಗೆದಾರರಿಗೆ ಸರ್ಕಾರದ ದುಡ್ಡು ನಲವತ್ತು ಪರ್ಸೆಂಟ್ ಬರುವುದು ಕೆಲಸ ನಡೆಯುವಾಗ, ಉಳಿದ ಅರವತ್ತು ಪರ್ಸೆಂಟ್ ವರ್ಷಗಟ್ಟಲೆ ಕಂತಿನಲ್ಲಿ, ಅದೇ ಆನ್ಯುಯಿಟಿ. ಅಂಥದೇ ಒಂದು ಸೈಟಿನಲ್ಲಿ ಎರಡು ವರ್ಷ ಬೆವರು ಸುರಿಸಿದ್ದೆ. ಸಾಹುಕಾರರು ನಮ್ಮ ಪಗಾರ ಯಾಕೆ ತಡ ಮಾಡುತ್ತಿದ್ದರು ಅನ್ನುವುದು ಕ್ಲಾಸಿನಲ್ಲಿ ತಿಳಿಯಿತು.

ನಿಜವಾದ ಕಥೆ ಥೀಸಿಸ್‌ದು. ನವಲಗುಂದದ ಕಡೆಯ ಎರೆಭೂಮಿಯಲ್ಲಿ 12 ಕಿ.ಮೀ. ಜಿಲ್ಲಾ ರಸ್ತೆ ಆರಿಸಿಕೊಂಡೆ. ನಿರ್ವಹಣೆಗೆ ಬರುವ ಚಿಲ್ಲರೆ ದುಡ್ಡನ್ನು ಯಾವ ತುಂಡಿಗೆ ಮೊದಲು ಹಾಕಬೇಕು ಅನ್ನುವುದು ಪ್ರಶ್ನೆ. ಅದಕ್ಕೆ ರಸ್ತೆಯ ಒರಟುತನ ಅಳೆಯಬೇಕು. ಅದನ್ನು ಅಳೆಯುವ ಕಾಲೇಜಿನ ಯಂತ್ರ, ಬಂಪ್ ಇಂಟಿಗ್ರೇಟರ್, ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಬಾಡಿಗೆ ಕೇಳಿದರೆ ಎಂಬತ್ತು ಸಾವಿರದ ಮೇಲೆ ಕೊಟೇಶನ್. ಆಗ ಹಿಡಿದದ್ದು ಮರ್ಲಿನ್: 1991ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯ ಬಡ ದೇಶಗಳಿಗೆಂದೇ ಪ್ರಕಟಿಸಿದ ಯಂತ್ರ. ಮುಂದೊಂದು ಸೈಕಲ್ ಗಾಲಿ, 1.8 ಮೀಟರ್ ಹಿಂದೆ ಒಂದು ಕಾಲು, ನಡುವೆ ರಸ್ತೆಯನ್ನು ಮುಟ್ಟುವ ಒಂದು ಮೂತಿ, ಅದರ ಏರಿಳಿತವನ್ನು ಹತ್ತು ಪಟ್ಟು ಮಾಡಿ ತೋರಿಸುವ ಮುಳ್ಳು. ಗೈಡ್ ಫೋಟೊ ನೋಡಿ, "ಇದು ಎಂ.ಟೆಕ್ಕೋ, ಐಟಿಐ ಪ್ರಾಜೆಕ್ಟೋ?" ಅಂದರು. ಸಹಪಾಠಿಗಳು ಅದಕ್ಕೆ 'ಬಂಡಿ' ಅಂತ ಹೆಸರಿಟ್ಟರು.

ಹುಬ್ಬಳ್ಳಿಯಲ್ಲಿ ಗೊತ್ತಿದ್ದ ವೆಲ್ಡರ್ ಒಬ್ಬ ಗುಜರಿಯ ಗಾಲಿ, ಚೌಕ ಪೈಪು ಹಾಕಿ ಮಾಡಿಕೊಟ್ಟ. ಎಲ್ಲ ಸೇರಿ ಹನ್ನೊಂದು ಸಾವಿರ. ಅದರಲ್ಲಿ ಎರಡು ಸಾವಿರ ಎರಡು ಸಲ ತಪ್ಪು ಮಾಡಿ ಬಿಚ್ಚಿಸಿದ್ದಕ್ಕೆ. ಮೂತಿಯ ಕೆಳಗೆ 6 ಮಿ.ಮೀ. ಪಟ್ಟಿ ಇಟ್ಟರೆ ಮುಳ್ಳು 60 ಮಿ.ಮೀ. ಸರಿಯಬೇಕು. ನನ್ನದು 52ಕ್ಕೆ ನಿಂತಿತು. ಅದು ದೊಡ್ಡ ತಪ್ಪಲ್ಲ, 1.15ರಿಂದ ಗುಣಿಸಿದರೆ ಮುಗಿಯಿತು. ತಲೆನೋವು ಬೇರೆ ಇತ್ತು: ಮರುದಿನ ಬೆಳಿಗ್ಗೆ 57, ಸಂಜೆಗೆ 49. ಪಿವೋಟ್ ಅಲ್ಲಾಡುತ್ತಿತ್ತು. ವಾಷರ್ ಹಾಕಿದೆ, ಗ್ರೀಸ್ ಹಾಕಿದೆ, ವೆಲ್ಡರ್‌ನನ್ನು ಬೈದೆ. ಕೊನೆಗೆ ಸರಿ ಮಾಡಿದ್ದು ಹೇಗೆ ಅಂತ ಪೂರ್ತಿ ಹೇಳುವುದಿಲ್ಲ. ಸಾಮಾನು ಸೈಕಲ್ ಅಂಗಡಿಯದಲ್ಲ, ಹೊಲಿಗೆ ಯಂತ್ರ ರಿಪೇರಿಯವನದು. ಇಷ್ಟು ಸಾಕು.

ಮೊದಲ ಒಂಬತ್ತು ದಿನದ ರೀಡಿಂಗು ಪೂರ್ತಿ ಕಸದ ಬುಟ್ಟಿಗೆ ಹೋಯಿತು. ಗಾಲಿ ಒಂದು ಸುತ್ತು ತಿರುಗಿದರೆ ಒಂದು ರೀಡಿಂಗ್, ಹೀಗೆ ಇನ್ನೂರು. ಸುಮಾರು 415 ಮೀಟರಿಗೆ ಒಂದು ಚಾರ್ಟ್ ತುಂಬುತ್ತದೆ. ಪ್ರತಿ ಸಲವೂ ಟೈರಿನ ಅದೇ ಜಾಗ ನೆಲ ಮುಟ್ಟಿರಬೇಕು ಅನ್ನುವುದನ್ನು ನಾನು ಉಡಾಫೆ ಮಾಡಿದ್ದೆ. ಗುಜರಿ ಗಾಲಿ, ಸಣ್ಣಗೆ ಮೊಟ್ಟೆ ಆಕಾರ. ರಸ್ತೆಯ ಜೊತೆಗೆ ಗಾಲಿಯ ಸೊಟ್ಟನ್ನೂ ಅಳೆಯುತ್ತಿದ್ದೆ! ರಿಮ್ಮಿಗೆ ಕೆಂಪು ಪೇಂಟ್ ಬಳಿದು ಮತ್ತೆ ಶುರು ಮಾಡಿದೆ. ಇಪ್ಪತ್ತೊಂಬತ್ತು ತುಂಡು, ಎರಡೂ ಗಾಲಿಜಾಡು, ಒಟ್ಟು ಐವತ್ತೆಂಟು ಓಟ. ದಿನಕ್ಕೆ ಆರೋ ಏಳೋ ಆಗುತ್ತಿದ್ದವು. ಮೇ ತಿಂಗಳ ಬಿಸಿಲು. ದನ ಕಾಯುವ ಹುಡುಗನೊಬ್ಬ ದಿನಕ್ಕೆ ಇನ್ನೂರು ರೂಪಾಯಿಗೆ ಬಂಡಿ ದೂಡುತ್ತಿದ್ದ, ನಾನು ಮುಳ್ಳು ನಿಂತಲ್ಲಿ ಚಾರ್ಟಿನಲ್ಲಿ ಕಾಟು ಹಾಕುತ್ತಿದ್ದೆ. ಮೂರನೇ ದಿನಕ್ಕೆ ಅವನೇ, "ಸರ, ಕೆಂಪು ಕೆಳಗ ಬಂದಿಲ್ಲ, ನಿಲ್ರಿ" ಅನ್ನತೊಡಗಿದ. ಎರಡೂ ತುದಿಯಿಂದ ಹತ್ತು ಹತ್ತು ಕಾಟು ಬಿಟ್ಟು ನಡುವಿನ ಅಗಲ ಮಿ.ಮೀ.ನಲ್ಲಿ ಅಳೆದರೆ ಅದೇ ಡಿ. ಅದನ್ನು 0.0471ರಿಂದ ಗುಣಿಸಿ 0.593 ಕೂಡಿಸಿದರೆ ಐಆರ್‌ಐ, ಅಂದರೆ ಒರಟುತನದ ಅಂತಾರಾಷ್ಟ್ರೀಯ ಸೂಚ್ಯಂಕ; ಹೆಚ್ಚಿದಷ್ಟೂ ರಸ್ತೆ ಒರಟು.

ನಡುವೆ ಬೇರೆ ಹುಚ್ಚೂ ಹತ್ತಿತ್ತು. ಫೋನನ್ನು ಸ್ಕೂಟರಿಗೆ ಕಟ್ಟಿ ಆಕ್ಸಿಲರೋಮೀಟರ್ ಆ್ಯಪ್‌ನಲ್ಲಿ ಅಳೆದೆ. ಒಬ್ಬನೇ ಕೂತರೆ ಒಂದು ಲೆಕ್ಕ, ಹಿಂದೆ ಹೆಂಡತಿ ಕೂತರೆ ಇನ್ನೊಂದು. ಅವಳಿಗೂ ಸಿಟ್ಟು ಬಂತು, ಅಲ್ಲಿಗೆ ಬಿಟ್ಟೆ. ಮನೆಯ ದನದ ಕೊಟ್ಟಿಗೆ ಮುಂದೆ ಎರೆಮಣ್ಣಿಗೆ ಅಂದಾಜು ನಾಲ್ಕು ಪರ್ಸೆಂಟ್ ಸುಣ್ಣ ಕಲಸಿ ಒಂದು ಮಡಿ ದಮ್ಮಸು ಮಾಡಿದ್ದೆ. ಪಕ್ಕದ ಮಣ್ಣು ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿದರೂ ಅದು ಬಿರಿಯಲಿಲ್ಲ. ಥೀಸಿಸ್‌ಗೆ ಸೇರಲಿಲ್ಲ, ಎಮ್ಮೆಗಳಿಗೆ ಅನುಕೂಲವಾಯಿತು.

ದೀಪಾವಳಿ ಕಳೆದ ಮೇಲೆ ಮತ್ತೆ ಐವತ್ತೆಂಟು ಓಟ. ಬಸ್ ಸ್ಟ್ಯಾಂಡ್ ಹತ್ತಿರದ, ಎಲ್ಲರೂ ಬೈಯುವ ಗುಂಡಿಯ ತುಂಡು ಐಆರ್‌ಐ 4.8ರಲ್ಲಿ ಇದ್ದಲ್ಲೇ ಇತ್ತು. ಅದರ ಕೆಳಗೆ ಗಟ್ಟಿ ಗರಸು. ಕಾಲುವೆ ಪಕ್ಕದ, ಒಂದೂ ಗುಂಡಿಯಿಲ್ಲದ, ಕಣ್ಣಿಗೆ ನುಣುಪಾಗಿ ಕಾಣುವ ತುಂಡು ಮಾತ್ರ ಮೇನಲ್ಲಿ 5.2 ಇದ್ದದ್ದು 7.4ಕ್ಕೆ ಏರಿತ್ತು. ಡಿ 98ರಿಂದ 144. ಚರಂಡಿ ಹೂಳು ತುಂಬಿ ನೀರು ಅಡಿಗೆ ಇಳಿದು ಎರೆ ಉಬ್ಬಿತ್ತು, ರಸ್ತೆ ಅಲೆ ಅಲೆ. ಸರ್ಕಾರಿ ದರಪಟ್ಟಿ (ಎಸ್‌ಆರ್) ಹಿಡಿದು ಲೆಕ್ಕ ಹಾಕಿದೆ: ಅಲ್ಲಿ ಹೂಳೆತ್ತಿ, ಅಂಚಿಗೆ ಗರಸು ಹಾಕುವ ಖರ್ಚು ಓವರ್‌ಲೇಯ, ಅಂದರೆ ಮೇಲೆ ಹೊಸ ಡಾಂಬರು ಪದರ ಹಾಕುವುದರ, ಏಳರಲ್ಲೊಂದು ಪಾಲು. ಮೊದಲು ಓವರ್‌ಲೇ ಹಾಕಿದರೆ ಮುಂದಿನ ಮಳೆಗೆ ಅದೂ ಕುಣಿಯುತ್ತದೆ. ಇಡೀ ಥೀಸಿಸ್ ಇಷ್ಟೇ. ಉಳಿದ ನೂರು ಪುಟ ಎಕ್ಸೆಲ್.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು, "ಲೇಸರ್ ಮುಂದೆ ಇದು ನಿಲ್ಲುತ್ತದೆಯೇ?" ಅಂದರು. ಆ ಪ್ರಶ್ನೆಗೇ ಕಾಯುತ್ತಿದ್ದೆ. ಲೇಸರಿನಿಂದ ಒರಟುತನ ಅಳೆಯುವ ವ್ಯಾನ್ ಓಡಿದ್ದ ಹೆದ್ದಾರಿಯ ಎರಡೂವರೆ ಕಿ.ಮೀ. ಡೇಟಾ ನನ್ನ ಕೈಗೆ ಬಂದಿತ್ತು (ಹೇಗೆ ಅಂತ ಕೇಳಬೇಡಿ). ಅದೇ ತುಂಡಿನಲ್ಲಿ ಬಂಡಿ ಓಡಿಸಿದ್ದೆ, ಸರಾಸರಿಯಲ್ಲಿ ವ್ಯತ್ಯಾಸ 0.3ರಷ್ಟು. ಅವರು ಕನ್ನಡಕ ತೆಗೆದು, "ಎಲ್ಲಿದೆ ಅದು?" ಅಂದರು. ಕೆಳಗೆ ಪಾರ್ಕಿಂಗಿನಲ್ಲಿತ್ತು. ಅವರೇ ಹಿಡಿ ಹಿಡಿದು ಹತ್ತು ಸುತ್ತು ದೂಡಿದರು. ಗೈಡ್ ಪಕ್ಕದಲ್ಲಿ ನಿಂತು, ತಾವೇ ಡಿಸೈನ್ ಮಾಡಿದವರಂತೆ ವಿವರಿಸುತ್ತಿದ್ದರು.

ಈಗ ಒಂದು ಸೂಪರ್‌ವಿಷನ್ ಕೆಲಸದಲ್ಲಿದ್ದೇನೆ. ಪಗಾರ ಹಿಂದಿನದಕ್ಕಿಂತ ಹದಿನೆಂಟು ಸಾವಿರ ಹೆಚ್ಚು, ಮಾವನಿಗೆ ಇಪ್ಪತ್ತೈದು ಅಂತ ಹೇಳಿದ್ದೇನೆ. ಕಳೆದ ತಿಂಗಳು ಜೂನಿಯರ್ ಒಬ್ಬ ಅಂಥದೇ ಬಂಡಿ ಬೇಕೆಂದು ವೆಲ್ಡರ್ ಹತ್ತಿರ ಹೋಗಿದ್ದ. ಡ್ರಾಯಿಂಗ್ ನನ್ನದೇ, ಆದರೂ ಈಗ ಹದಿನಾರು ಸಾವಿರ ಅಂತಾನಂತೆ.