ಮುಂಬೈ ಲೋಕಲ್ಲಿನ ನಾಲ್ಕನೆಯ ಸೀಟು

ಕಲಬುರಗಿಯಲ್ಲಿ ಮುಂಬೈಯ ಹೆಸರೆತ್ತಿದರೆ ಒಂದು ಮಾತು ತಪ್ಪದೆ ಬರುತ್ತದೆ: ಅಲ್ಲಿ ಯಾರಿಗೂ ಯಾರೂ ಆಗುವುದಿಲ್ಲ, ಬಿದ್ದವರನ್ನು ದಾಟಿಕೊಂಡು ಹೋಗುವ ಜನ ಅವರು. ನಮ್ಮ ಓಣಿಯಲ್ಲಿ ಈ ಮಾತನ್ನು ಹೆಚ್ಚಾಗಿ ಹೇಳುತ್ತಿದ್ದವರು ಗುಳೆ ಹೋಗಿ ಬಂದವರು. ಕಟ್ಟಡದ ಕೆಲಸಕ್ಕೆ ಹೋಗಿ, ಪಗಾರ ಪೂರ್ತಿ ಕೈಗೆ ಬಾರದೆ ಮರಳಿದವರ ದೂರನ್ನು ನಾನು ಸುಳ್ಳೆನ್ನಲಾರೆ. ಆದರೆ ಅವರು ಕಂಡದ್ದು ಕೂಲಿಯವರ ಮೇಸ್ತ್ರಿಯಾದ ಮುಕ್ಕಾದಮನನ್ನು ಮತ್ತು ತಗಡಿನ ಶೆಡ್ಡನ್ನು. ಊರನ್ನು ನೋಡುವ ಬಿಡುವು ಅವರಿಗೆ ಸಿಕ್ಕಿರಲಿಲ್ಲ. ಹೋದ ದಸರಾ ರಜೆಯಲ್ಲಿ, ಸಮುದ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಅತ್ತೆಯವರ ಆಸೆಗಾಗಿ, ಅವರನ್ನು ಕರೆದುಕೊಂಡು ನಾನೊಬ್ಬಳೇ ನಾಲ್ಕು ದಿನ ಮುಂಬೈ ತಿರುಗಿ ಬಂದೆ. ಶಾಲೆಯಲ್ಲಿ ಪಾಠ ಹೇಳುವ ನನಗೆ ಸೊಲ್ಲಾಪುರ, ಹೈದರಾಬಾದು ಬಿಟ್ಟರೆ ದೊಡ್ಡ ಊರಿನ ರೂಢಿಯಿಲ್ಲ. ಹೀಗೆಯೇ ಹೋಗಬಯಸುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಸಂಜೆ ಹತ್ತಿದ ಗಾಡಿ ಸೊಲ್ಲಾಪುರ, ದೌಂಡ, ಪುಣೆ ದಾಟಿ ಇನ್ನೂ ಕತ್ತಲಿರುವಾಗಲೇ ನಮ್ಮನ್ನು ದಾದರಿನಲ್ಲಿ ಇಳಿಸಿತು. ಉಳಿಯುವ ವ್ಯವಸ್ಥೆ ಮಾಟುಂಗಾದಲ್ಲಿ ಇದ್ದುದರಿಂದ ಕೊನೆಯ ನಿಲ್ದಾಣದವರೆಗೆ ಹೋಗಲಿಲ್ಲ. ನಮ್ಮ ಬಳಿ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮೇಲ್ಸೇತುವೆಯ ಮೆಟ್ಟಿಲುಗಳ ಬುಡದಲ್ಲಿ, ಅತ್ತೆಯವರ ಕೈ ಹಿಡಿಯಲೋ ಚೀಲ ಹಿಡಿಯಲೋ ಎಂದು ನಾನು ನಿಂತಿದ್ದಾಗ, ತಲೆಯ ಮೇಲೆ ಚೆಂಡುಹೂವಿನ ಗಂಟು ಹೊತ್ತಿದ್ದ ಒಬ್ಬ ಹೆಂಗಸು ಒಂದು ಕೈಯಿಂದ ಗಂಟನ್ನು ಸಂಭಾಳಿಸುತ್ತ, ಇನ್ನೊಂದು ಕೈಯಿಂದ ರೊಟ್ಟಿಯ ಚೀಲದ ಹಿಡಿಯನ್ನು ಹಿಡಿದೆತ್ತಿ ಮೇಲೆ ಹತ್ತತೊಡಗಿದಳು. ಚೀಲ ಹೋಯಿತೆಂದೇ ನಾನು ಹೆದರಿದೆ. ಆಕೆ ಮೇಲಿನ ಮೆಟ್ಟಿಲ ಬದಿಯಲ್ಲಿ ಚೀಲವನ್ನು ಗೋಡೆಗೆ ಒರಗಿಸಿಟ್ಟು, ತಿರುಗಿ ಒಮ್ಮೆ ನೋಡಿ, ಒಂದು ಮಾತನ್ನೂ ಆಡದೆ ಹೂವಿನ ಮಾರುಕಟ್ಟೆಯ ಕಡೆಗೆ ನಡೆದುಬಿಟ್ಟಳು. ನಾನು ಮೇಲೆ ಬರುವ ಹೊತ್ತಿಗೆ ಆಕೆಯ ಬೆನ್ನಷ್ಟೇ ಕಾಣುತ್ತಿತ್ತು.

ಅಂದು ದಾರಿ ಕೇಳುವುದರಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮ ಕಡೆ ಮಾತು ಆರಂಭವಾಗುವುದೇ 'ಯಾವೂರ್ರಿ, ಅರಾಮ ಇದ್ದೀರಿ' ಎಂಬಲ್ಲಿಂದ. ಅದೇ ರೂಢಿಯಲ್ಲಿ, ನಾವು ಕಲಬುರಗಿಯವರು, ಅತ್ತೆಯವರಿಗೆ ಸಮುದ್ರ ತೋರಿಸಬೇಕು ಎಂದು ನಾನು ಪೀಠಿಕೆ ಹಾಕುತ್ತಿದ್ದಾಗಲೇ ಎದುರಿಗಿದ್ದವರು ಗಾಡಿ ಹಿಡಿಯಲು ಓಡಿದರು. ಮನಸ್ಸಿಗೆ ನೋವಾಯಿತು. ಎರಡನೆಯ ಸಲ, ಚರ್ಚ್‌ಗೇಟಿನ ಕಡೆಗೆ ಎಲ್ಲ ನಿಲ್ದಾಣಗಳಲ್ಲೂ ನಿಂತು ಹೋಗುವ ಗಾಡಿ ಎಲ್ಲಿ ಎಂಬುದಕ್ಕೆ, 'ಚರ್ಚ್‌ಗೇಟ್ ಸ್ಲೋ?' ಎಂದಷ್ಟೇ ಕೇಳಿದೆ; ಮೂರು ಕೈಗಳು ಒಟ್ಟಿಗೇ ಒಂದು ಪ್ಲಾಟ್‌ಫಾರ್ಮಿನತ್ತ ಚಾಚಿದವು. ಮುಂಬೈಯ ಜನರಲ್ಲಿ ಕೊರತೆಯಿರುವುದು ಹೊತ್ತಿಗೆ, ಅಂತಃಕರಣಕ್ಕಲ್ಲ ಎಂದು ನನಗೆ ಅಲ್ಲಿ ತಿಳಿಯಿತು. ಉಳಿದ ದಿನಗಳಲ್ಲೂ ಕೇಳಬೇಕಾದದ್ದನ್ನು ಮೊದಲು ಕೇಳಿದೆ. ಉತ್ತರ ಸಿಗದ ಒಂದು ಸಂದರ್ಭವೂ ನೆನಪಿಲ್ಲ.

ದಾದರಿನಲ್ಲಿ ಎರಡು ರೈಲು ಮಾರ್ಗಗಳು ಕೂಡುತ್ತವೆ. 1ರಿಂದ 7ರವರೆಗಿನ ಪ್ಲಾಟ್‌ಫಾರ್ಮುಗಳು ಪಶ್ಚಿಮ ರೈಲ್ವೆಯವು, 8ರಿಂದ 14ರವರೆಗಿನವು ಮಧ್ಯ ರೈಲ್ವೆಯವು. ಫಲಕದಲ್ಲಿ ಕೊನೆಯ ನಿಲ್ದಾಣ, ಹೊರಡುವ ವೇಳೆ, 'ಎಸ್' (ಸ್ಲೋ) ಅಥವಾ 'ಎಫ್' (ಫಾಸ್ಟ್) ಎಂಬ ಅಕ್ಷರ, ಡಬ್ಬಿಗಳ ಸಂಖ್ಯೆ 12 ಅಥವಾ 15 ಎಂದು ತೋರಿಸುತ್ತಾರೆ. 'ಎಸ್' ಇರುವ ಗಾಡಿ ಎಲ್ಲ ಕಡೆ ನಿಲ್ಲುತ್ತದೆ. ಹೊಸಬರಿಗೆ ಅದೇ ಲೇಸು. ಮುಂಜಾನೆಯ ನೌಕರರ ದಟ್ಟಣೆ ಇಳಿಯುವವರೆಗೆ, ಅಂದರೆ ಹನ್ನೊಂದರವರೆಗೆ, ನಾವು ಹೊರಡಲಿಲ್ಲ. ವಯಸ್ಸಾದವರನ್ನು ಕರೆದೊಯ್ಯುವವರು ಇದೊಂದನ್ನು ಮಾತ್ರ ಮೀರಬಾರದು.

ಹೆಂಗಸರ ಡಬ್ಬಿಯಲ್ಲಿ ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವರು ಕೂರುವುದು ರೂಢಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಂತವರು ಬಂದು ತಾಕಿದರೆ ಕುಳಿತ ಮೂವರೂ ಒಂದಿಷ್ಟು ಸರಿಯುತ್ತಾರೆ, ಅಂಚಿನಲ್ಲಿ ಒಂದು ಗೇಣಿನಷ್ಟು ಜಾಗ ಹುಟ್ಟುತ್ತದೆ. ಅತ್ತೆಯವರಿಗೆ ಆ ಗೇಣು ಸಿಕ್ಕಿತು. ಪಕ್ಕದಾಕೆ 'ಕುಠೇ ಉತರಣಾರ?' (ಎಲ್ಲಿ ಇಳಿಯುತ್ತೀರಿ?) ಎಂದು ಕೇಳಿದಳು. ಆಳಂದದ ಕಡೆಯವರಾದ ಅತ್ತೆಯವರಿಗೆ ಮರಾಠಿ ಬರುತ್ತದೆ. 'ಚರ್ನಿ ರೋಡ್' ಎಂದರು. ಯಾರು ಎಲ್ಲಿ ಇಳಿಯುತ್ತಾರೆ, ಅವರ ಸೀಟು ಯಾರಿಗೆ ಎಂಬುದು ಅಲ್ಲಿ ಮೊದಲೇ ನಿಶ್ಚಯವಾಗುತ್ತದೆ. ಕೇಳಿಟ್ಟುಕೊಂಡವರ ಸರದಿಯನ್ನು ಬೇರೆಯವರು ಕಸಿಯುವುದನ್ನು ನಾನು ಕಾಣಲಿಲ್ಲ. ನಾನು ಹಿಂದಿಯೆಂದು ತಿಳಿದು ಆಡುವ ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿ 'ಬೇಡ' ಎನ್ನುವ 'ನಕ್ಕೊ' ಅವರ ಮರಾಠಿಯ 'ನಕೋ'ಗೆ ಅಕ್ಕನೋ ತಂಗಿಯೋ ಆದುದರಿಂದ, ಅದನ್ನು ಕೇಳಿ ಇಬ್ಬರು ನಕ್ಕು ಮಾತಿಗೆ ತೊಡಗಿದರು.

ಬೈಗುಳವನ್ನೂ ತಿಂದೆ. ನಿಲ್ದಾಣದ ಹೆಸರು ಓದಲೆಂದು ಬಾಗಿಲಿಗೆ ಅಡ್ಡವಾಗಿ ನಿಂತಿದ್ದೆ. ಮಹಾಲಕ್ಷ್ಮಿ ನಿಲ್ದಾಣ ಬಂದಾಗ ಹಿಂದಿನಿಂದ ಒಬ್ಬಳು ಜೋರಾಗಿ, 'ಉತರನಾ ನಹೀಂ ತೋ ಅಂದರ್ ಜಾವೋ!' (ಇಳಿಯುವುದಿಲ್ಲವಾದರೆ ಒಳಗೆ ಹೋಗು!) ಎಂದಳು. ಅವಮಾನದಿಂದ ಮುಖ ಕೆಂಪಾಯಿತು. ಆದರೆ ಇಳಿಯುವ ಮುನ್ನ ಅದೇ ಹೆಂಗಸು ನನ್ನ ಮೊಣಕೈ ಹಿಡಿದು ಒಳಗಿನ ಕಂಬದ ಬಳಿಗೆ ಎಳೆದು, ನಾವು ಆಡಿದ ಮಾತು ಆಕೆಯ ಕಿವಿಗೂ ಬಿದ್ದಿರಬೇಕು, 'ಚರ್ನಿ ರೋಡ್ ತೀಸರಾ' ಎಂದು ಮೂರು ಬೆರಳು ತೋರಿಸಿ ಇಳಿದುಹೋದಳು. ಗಾಡಿ ನಿಲ್ಲುವುದು ಅರ್ಧ ನಿಮಿಷಕ್ಕೂ ಕಡಿಮೆ. ಅಷ್ಟರಲ್ಲಿ ಇಳಿಯುವವರಿಗೂ ಹತ್ತುವವರಿಗೂ ಇರುವ ದಾರಿ ನಾನು ತಡೆದಿದ್ದ ಬಾಗಿಲೊಂದೇ. ಆಕೆಯ ಸಿಟ್ಟು ನ್ಯಾಯವಾದದ್ದಾಗಿತ್ತು.

ಚರ್ನಿ ರೋಡಿನಿಂದ ಗಿರಗಾಂವ್ ಚೌಪಾಟಿಯ ಕಡಲದಂಡೆಗೆ ನಡೆದೇ ಹೋಗಬಹುದು. ಅತ್ತೆಯವರು ಸೀರೆಯ ನಿರಿಗೆ ಎತ್ತಿ ಹಿಡಿದು ನಿಂತು, ಕಾಲಿಗೆ ಬಂದ ನೀರನ್ನು ಬೊಗಸೆಯಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡರು.

ಬಾಂದ್ರಾ ಮತ್ತು ಸಾಯನ್ನಿನಿಂದ ದಕ್ಷಿಣಕ್ಕೆ ಆಟೋ ಇಲ್ಲ, ಕರಿ-ಹಳದಿ ಟ್ಯಾಕ್ಸಿಯೇ ಗತಿ. 2025ರ ಫೆಬ್ರುವರಿಯಿಂದ ಅದರ ಕನಿಷ್ಠ ದರ 31 ರೂಪಾಯಿ. ಹತ್ತಿರದ ದಾರಿಯೆಂದು ಇಬ್ಬರು ಬರಲೊಪ್ಪಲಿಲ್ಲ. ಬಂದವರು ಕೇಳದೆಯೇ ಮೀಟರ್ ಹಾಕಿದರು. ಒಬ್ಬರಂತೂ ಮೂರು ರೂಪಾಯಿ ಚಿಲ್ಲರೆಗಾಗಿ ಪಕ್ಕದ ಪಾನ್ ಅಂಗಡಿಗೆ ಹೋಗಿ ಬಂದರು. ಮೂರನೆಯ ದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಗುಮ್ಮಟದ ಕೆಳಗೆ ನಿಂತಾಗ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕೇಂದ್ರ ಕಚೇರಿಗೆಂದು ಕಟ್ಟಿದ ಕಟ್ಟಡ ಅದೆಂಬುದೂ, ಕಲಬುರಗಿಯ ಮೂಲಕ ರಾಯಚೂರಿನವರೆಗೆ 1871ರಲ್ಲಿ ಹಳಿ ಮುಟ್ಟಿಸಿದ್ದು ಅದೇ ಕಂಪನಿಯೆಂಬುದೂ ನೆನಪಾಗಿ, ಆ ಊರು ನನಗೆ ಅಷ್ಟು ಪರಕೀಯವೆನ್ನಿಸಲಿಲ್ಲ. ಮಾಟುಂಗಾದಲ್ಲಿ ಬಾಳೆಲೆಯ ಊಟವೂ ಕನ್ನಡದ ಮಾತೂ ಸಿಕ್ಕವು.

ಹೊರಡುವ ದಿನ ಅತ್ತೆಯವರು ಉಳಿದ ಹಿಂಡಿಯ ಪೊಟ್ಟಣವನ್ನು ಹೂವಿನ ಹೆಂಗಸಿಗೇ ಕೊಡಬೇಕೆಂದು ಹಟ ಹಿಡಿದರು. ದಾದರಿನ ಹೂವಿನ ಸಾಲಿನಲ್ಲಿ ಹುಡುಕಿದೆವು. ಗುರುತು ಹೇಳಿದಾಗ ಸೇವಂತಿಗೆ ಮಾರುತ್ತಿದ್ದ ಒಬ್ಬಳು, ಆಕೆ ಮುಂಜಾನೆಯಷ್ಟೇ ಬರುತ್ತಾಳೆಂದಳು. ಪೊಟ್ಟಣ ತಲುಪಿಸುವಿರಾ ಎಂದು ಅತ್ತೆಯವರು ಕೇಳಿದರು. ಒಳಗೇನಿದೆ, ನೀವು ಯಾರು ಎಂದು ವಿಚಾರಿಸದೆ, ಆಕೆ ಅದನ್ನು ತೆಗೆದುಕೊಂಡು ಬುಟ್ಟಿಯ ಅಡಿಯ ಒದ್ದೆ ಗೋಣಿಯನ್ನು ಸರಿಸಿ, ಒಣಗಿದ ಕಡೆ ಇಟ್ಟು, ಮುಂದಿನ ಗಿರಾಕಿಗೆ ಮಾಲೆ ಅಳೆಯತೊಡಗಿದಳು.