ಸ್ಯಾನ್ ಹೋಸೆಯ ಹಳೇ ಊರನ್ನು ನಾನು ಕನ್ನಡದಲ್ಲಿ ಸುತ್ತಿಸುವ ಬಗೆ

ಬೇಸಿಗೆ ಬಂತೆಂದರೆ ಇಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕುಗಳಲ್ಲಿ ಊರಿನಿಂದ ಬಂದ ಅಪ್ಪ-ಅಮ್ಮಂದಿರದೇ ಗುಂಪು. ಗೂಗಲ್, ಆ್ಯಪಲ್ ಕಟ್ಟಡಗಳ ಮುಂದೆ ಫೋಟೋ ತೆಗೆಸಿಕೊಂಡಾಗಿರುತ್ತದೆ. ಆಮೇಲೆ ಹೊತ್ತು ಹೋಗುವುದಿಲ್ಲ. ಅಂಥವರನ್ನು ಶನಿವಾರ ಬೆಳಗ್ಗೆ ಕರೆದುಕೊಂಡು ಹೋಗಿ, ಸ್ಯಾನ್ ಹೋಸೆ ಹುಟ್ಟಿದ ಜಾಗಗಳನ್ನು ತೋರಿಸುತ್ತೇನೆ. ಇದನ್ನು ಹೇಗೆ ಜೋಡಿಸಿದೆ ಅಂತ ಬೇರೆ ಊರಿನ ಸ್ನೇಹಿತರು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ತೊಡಕು ಏನೆಂದರೆ, ನೋಡಲು ಹಳೆಯದೇನೂ ಉಳಿದಿಲ್ಲ. ಸ್ಪೇನ್ ಆಳುತ್ತಿದ್ದ ಕಾಲದ ಊರಿನಲ್ಲಿ ನಿಂತಿರುವುದು ಒಂದೇ ಒಂದು ಮಣ್ಣಿನ ಮನೆ. ಹಾಗಾಗಿ ಕಟ್ಟಡಗಳನ್ನು ಬಿಟ್ಟು ನೀರಿನ ಜಾಡು ಹಿಡಿದೆ. ಸುತ್ತಾಟ ಶುರುವಾಗುವುದು ಟೇಲರ್ ಸ್ಟ್ರೀಟ್ ಹತ್ತಿರ, ಗ್ವಾಡಲೂಪೆ ನದಿಯ ಪಕ್ಕದಲ್ಲಿ. ಬೇಸಿಗೆಯಲ್ಲಿ ನದಿ ಅನ್ನಲು ಸ್ವಲ್ಪ ಸಂಕೋಚವೇ ಆಗುತ್ತದೆ.

1777ರ ನವೆಂಬರ್ 29ರಂದು ಹೋಸೆ ಹೊವಾಕಿನ್ ಮೊರಾಗ ಎಂಬ ಸೇನಾಧಿಕಾರಿ 14 ಕುಟುಂಬಗಳನ್ನು ಇಲ್ಲಿಗೆ ಕರೆತಂದ. ಒಟ್ಟು 66 ಜನ. ಚರ್ಚಿಗಾಗಿ ಬಂದವರಲ್ಲ, ಕೋಟೆ ಕಟ್ಟಲೂ ಬಂದವರಲ್ಲ. ಬೆಳೆ ಬೆಳೆಯಲು ಬಂದವರು. ಮಾಂಟೆರೇ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಕೋಟೆಗಳ ಸೈನಿಕರಿಗೆ ದವಸ ಬರುತ್ತಿದ್ದದ್ದು ಮೆಕ್ಸಿಕೋದ ಸ್ಯಾನ್ ಬ್ಲಾಸ್ ಬಂದರಿನಿಂದ, ಹಡಗಿನಲ್ಲಿ. ಹಡಗು ತಡವಾದರೆ ಹೊಟ್ಟೆಗೆ ತತ್ವಾರ. ದವಸವನ್ನು ಇಲ್ಲೇ ಬೆಳೆಸೋಣ ಅಂತ ಗವರ್ನರ್ ಫೆಲಿಪೆ ದೆ ನೆವೆ ತೀರ್ಮಾನಿಸಿದ. ಕ್ಯಾಲಿಫೋರ್ನಿಯಾದ ಮೊದಲ ನಾಗರಿಕ ಊರು, ಸ್ಪ್ಯಾನಿಷರ ಬಾಯಲ್ಲಿ 'ಪ್ವೆಬ್ಲೊ', ಹುಟ್ಟಿದ್ದು ಹೀಗೆ.

ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ. ಹಿರಿಯರಲ್ಲಿ ಅರ್ಧ ಜನ ಜಮೀನು ನೋಡಿಕೊಂಡವರು. ಕಾಲುವೆ ಎಲ್ಲಿಂದ ತೆಗೆದರು, ಏನು ಬಿತ್ತಿದರು, ಎಷ್ಟು ಎಕರೆ ಕೊಟ್ಟರು ಅಂತ ಪ್ರಶ್ನೆ ಶುರುವಾಗುತ್ತದೆ. ಬಿತ್ತಿದ್ದು ಗೋಧಿ, ಜೋಳ, ಹುರುಳಿ. ಜೋಳವೆಂದರೆ ಮೆಕ್ಕೆಜೋಳ, ಹುರುಳಿಯೆಂದರೆ ಬೀನ್ಸ್. ಇಷ್ಟನ್ನು ಮೊದಲೇ ಹೇಳದಿದ್ದರೆ ಉತ್ತರ ಕರ್ನಾಟಕದವರು ರೊಟ್ಟಿಯ ಲೆಕ್ಕ ಹಾಕುತ್ತಾರೆ. 1783ರಲ್ಲಿ ಮೊರಾಗ ಭೂಮಿಯನ್ನು ವಿಧಿಪೂರ್ವಕವಾಗಿ ಹಂಚಿಕೊಟ್ಟ. ನೆವೆ ಮಾಡಿದ್ದ ನಿಯಮದಲ್ಲಿ ಒಂದು ಸಾಗುವಳಿ ತುಂಡು 200 ವಾರಾ ಉದ್ದ, 200 ವಾರಾ ಅಗಲ. ಒಂದು ವಾರಾ ಎಂದರೆ ಹತ್ತಿರ ಹತ್ತಿರ 33 ಇಂಚು. ಲೆಕ್ಕ ಹಾಕಿದರೆ ಏಳು ಎಕರೆಯಷ್ಟಾಗುತ್ತದೆ. ಮಾರುವಂತಿಲ್ಲ, ಅಡವಿಡುವಂತಿಲ್ಲ. ಮನೆ ನಿವೇಶನ ಬೇರೆ. ದನ ಮೇಯಲು ಊರಿಗೆಲ್ಲ ಸೇರಿ ಗೋಮಾಳವೂ ಇತ್ತು.

ನದಿ ಮಾತ್ರ ಕೈಕೊಟ್ಟಿತು. ಜಾಗ ತಗ್ಗು, ಮಳೆಗಾಲದಲ್ಲಿ ನೆರೆ. ಕೊನೆಗೆ 1790ರ ದಶಕದಲ್ಲಿ ಊರನ್ನೇ ಸುಮಾರು ಒಂದು ಮೈಲಿ ದಕ್ಷಿಣಕ್ಕೆ ಸಾಗಿಸಿದರು. ಈಗಿನ ಡೌನ್‌ಟೌನ್ ಬೆಳೆದದ್ದು ಅಲ್ಲಿ.

ನದಿ ಬಿಡುವ ಮುಂಚೆ ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನರ ವಿಷಯ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಅದು ಸುಮ್ನೆ ಶಾಸ್ತ್ರಕ್ಕೆ ಹೇಳಿದಂತಾಗುತ್ತದೆ. ನೆಲ ಅವರದ್ದು. ಅದೇ 1777ರ ಜನವರಿಯಲ್ಲಿ ಮಿಷನ್ ಸ್ಯಾಂಟಾ ಕ್ಲಾರಾ ಶುರುವಾಗಿತ್ತು. ಮಿಷನ್ ಎಂದರೆ ಪಾದ್ರಿಗಳು ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿ ಮಾಡಿ ಇರಿಸಿಕೊಳ್ಳುತ್ತಿದ್ದ ನೆಲೆ. ಹೊಸಬರ ದನಗಳು ಓಲೋನಿಗಳು ಆರಿಸಿ ತಿನ್ನುತ್ತಿದ್ದ ಹುಲ್ಲುಬೀಜಗಳನ್ನು ಮೇದು ಹಾಕಿದವು. ದೀಕ್ಷಾಸ್ನಾನ ಆದವರು ಮನಸ್ಸು ಬಂದಾಗ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. ರೋಗಗಳಿಗೆ ಸಾವಿರಾರು ಜನ ಬಲಿಯಾದರು. ಪಾದ್ರಿಗಳಿಗೂ ಪ್ವೆಬ್ಲೊ ಜನರಿಗೂ ಗಡಿ ಜಗಳ ಬೇರೆ. ನದಿಯನ್ನೇ ಗಡಿ ಮಾಡಿ ಅದನ್ನು ಮುಗಿಸಿದರು.

ಅಲ್ಲಿಂದ ನದಿ ಪಕ್ಕದ ದಾರಿಯಲ್ಲೇ ಪೆರಾಲ್ಟಾ ಅಡೋಬಿಗೆ. ಉಳಿದಿರುವ ಮಣ್ಣಿನ ಮನೆ ಅಂದೆನಲ್ಲ, ಅದೇ ಇದು. 1797ರದ್ದು, ಎರಡೇ ಕೋಣೆ. ಇದನ್ನು ಕಟ್ಟಿಕೊಂಡವನು ಮನ್ವೆಲ್ ಗೊನ್ಸಾಲೆಸ್, ಅಪಾಚೆ ಬುಡಕಟ್ಟಿನವನು. ಆಮೇಲೆ ಬಂದ ಲೂಯಿಸ್ ಮರಿಯಾ ಪೆರಾಲ್ಟಾ ಹದಿಹರೆಯದಲ್ಲಿ, ಆನ್ಸಾ ಎಂಬ ಸೇನಾಧಿಕಾರಿ ಮೆಕ್ಸಿಕೋದಿಂದ ಕರೆತಂದ ವಲಸಿಗರ ತಂಡದ ಜೊತೆ ಬಂದವನು. ಮುಂದೆ ಊರಿನ ಆಡಳಿತವೇ ಅವನ ಕೈಗೆ ಬಂತು. 1820ರಲ್ಲಿ ಅವನಿಗೆ ಸಿಕ್ಕ ಜಮೀನಿನಲ್ಲಿ ಇವತ್ತು ಓಕ್ಲೆಂಡ್, ಬರ್ಕ್ಲಿ ನಗರಗಳಿವೆ! ಅದನ್ನು ಮಕ್ಕಳಿಗೆ ಬಿಟ್ಟು ಅವನು ಇದೇ ಮನೆಯಲ್ಲಿ ಉಳಿದ.

ಇಂಥವರ ವಿವರ ಹುಡುಕಲು ನನಗೆ ಹೆಚ್ಚು ನೆರವಾದದ್ದು ಹಂಟಿಂಗ್ಟನ್ ಲೈಬ್ರರಿಯವರ ಡೇಟಾಬೇಸ್. ಕ್ಯಾಲಿಫೋರ್ನಿಯಾದ ಮಿಷನ್‌ಗಳಲ್ಲಿ ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಸಾವಿನ ದಾಖಲೆಗಳೆಲ್ಲ ಅದರಲ್ಲಿವೆ. ದುಡ್ಡು ಕೊಡಬೇಕಿಲ್ಲ. ಮೊದಮೊದಲು ಪ್ವೆಬ್ಲೊಗೆ ತನ್ನದೇ ಚರ್ಚು ಇರಲಿಲ್ಲ, ಆದ್ದರಿಂದ ಸ್ಯಾಂಟಾ ಕ್ಲಾರಾ ಪುಸ್ತಕಗಳಲ್ಲಿ ಹುಡುಕಬೇಕು. ಒಂದು ಎಚ್ಚರಿಕೆ: ಮಿಷನ್ ಸ್ಯಾನ್ ಹೋಸೆ ಇರುವುದು ಸ್ಯಾನ್ ಹೋಸೆಯಲ್ಲಲ್ಲ, ಫ್ರೀಮಾಂಟ್‌ನಲ್ಲಿ. ಅದು ಶುರುವಾದದ್ದು 1797ರಲ್ಲಿ. ಆ ಬಡಾವಣೆಯಲ್ಲಿ ಮನೆ ಮಾಡಿರುವ ನಮ್ಮವರಿಗೇ ಇದು ಗೊಂದಲ. ಹುಡುಕುವಾಗ ಎರಡೂ ಬೆರೆತು ಬರುತ್ತವೆ.

ಹಳೇ ಜನಗಣತಿ ಪಟ್ಟಿಗಳನ್ನೂ ಪ್ರಿಂಟ್ ತೆಗೆದು ಇಟ್ಟುಕೊಂಡಿರುತ್ತೇನೆ. ಅವುಗಳಲ್ಲಿ ಎಸ್ಪನ್ಯೋಲ್ (ಸ್ಪ್ಯಾನಿಷ್ ಮೂಲದವರು), ಮೆಸ್ತೀಸೊ (ಸ್ಪ್ಯಾನಿಷ್-ಮೂಲನಿವಾಸಿ ಬೆರಕೆ), ಮುಲಾತೊ (ಸ್ಪ್ಯಾನಿಷ್-ಆಫ್ರಿಕನ್ ಬೆರಕೆ), ಇಂದಿಯೊ (ಮೂಲನಿವಾಸಿ) ಅಂತ ಪ್ರತಿಯೊಬ್ಬರ ಮುಂದೆ ಬರೆದಿರುತ್ತದೆ. "ಇಲ್ಲೂ ಜಾತಿ ಕಾಲಂ ಇತ್ತಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ 1781ರಲ್ಲಿ ನೆಲೆಯಾದ ಲಾಸ್ ಏಂಜಲೀಸ್ ಪಟ್ಟಿ ತೆಗೆಯುತ್ತೇನೆ. 11 ಕುಟುಂಬ, 44 ಜನ. ಯಜಮಾನರಲ್ಲಿ ಎಸ್ಪನ್ಯೋಲ್ ಅಂತ ಬರೆಸಿಕೊಂಡವರು ಇಬ್ಬರೇ. ಮಿಕ್ಕವರ ಬೇರು ಮೂಲನಿವಾಸಿಗಳಲ್ಲಿ, ಆಫ್ರಿಕನ್ನರಲ್ಲಿ, ಇಲ್ಲವೇ ಬೆರಕೆಯಲ್ಲಿ. ಕೆಲವರು ಮುಂದಿನ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತಿಬಿಟ್ಟಿರುತ್ತಾರೆ. ಹಿರಿಯರು ಇದಕ್ಕೆ ನಗುತ್ತಾರೆ. ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಬಾವುಟಗಳ ಕಥೆಯನ್ನು ಬೇಗ ಮುಗಿಸುತ್ತೇನೆ: 1821ರಿಂದ ಮೆಕ್ಸಿಕೋ, 1846ರಲ್ಲಿ ಅಮೆರಿಕ. ಸೀಸರ್ ಚಾವೆಸ್ ಪ್ಲಾಜಾದಲ್ಲಿ ಕೂತು ನೀರು ಕುಡಿಯುವಾಗ ಇಷ್ಟು ಹೇಳಿದರೆ ಸಾಕು. ಹೊಸ ಊರಿನ ನಡುಮೈದಾನ ಇದೇ. 1849ರ ಡಿಸೆಂಬರ್‌ನಲ್ಲಿ ರಾಜ್ಯದ ಮೊದಲ ಶಾಸನಸಭೆ ಸೇರಿದ್ದು ಇದರ ಪಕ್ಕದಲ್ಲೇ. ಮಳೆ, ಕೆಸರು, ಇಳಿದುಕೊಳ್ಳಲು ಜಾಗವಿಲ್ಲ. ಶಾಸಕರು ಗೊಣಗಿ ಗೊಣಗಿ ರಾಜಧಾನಿಯನ್ನೇ ಬೇರೆ ಕಡೆಗೆ ಎತ್ತಿಸಿದರು.

ಇಷ್ಟರಲ್ಲಿ ಬಿಸಿಲೇರಿರುತ್ತದೆ. ಶಕ್ತಿ ಉಳಿದವರನ್ನು 22ನೇ ನಂಬರ್ ಬಸ್ಸಿನಲ್ಲಿ ಅಲಮೇಡಾ ರಸ್ತೆಯ ಮೇಲೆ ಸ್ಯಾಂಟಾ ಕ್ಲಾರಾ ಮಿಷನ್‌ಗೆ ಕರೆದೊಯ್ಯುತ್ತೇನೆ. ಪ್ವೆಬ್ಲೊದಿಂದ ಮಿಷನ್‌ಗೆ ಹೋಗುತ್ತಿದ್ದ ಹಳೇ ದಾರಿ ಅದೇ. ಪಾದ್ರಿ ಮಗೀನ್ ಕತಾಲಾ ಅದರ ಎರಡೂ ಬದಿ ವಿಲೋ ಮರಗಳನ್ನು ನೆಡಿಸಿದ್ದ. ನೆಟ್ಟ ಕೈಗಳು ಓಲೋನಿಗಳವು. ಮಂಡಿನೋವಿನವರು ಮೊದಲೇ ಹೇಳಿದರೆ ನದಿ ಭಾಗವನ್ನಷ್ಟೇ ಇಟ್ಟುಕೊಂಡು ಉಳಿದದ್ದಕ್ಕೆ ಕಾರು ತರುತ್ತೇನೆ.