ಈ ಲೈನು ಇವತ್ತೂ ಬೇಕಾ?

ಮೈಸೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಸೋಂಕು ತಡೆಯುವ ಕೆಲಸ ನೋಡಿಕೊಳ್ಳುವ ನರ್ಸ್ ನಾನು. ರೌಂಡ್ಸ್‌ನಲ್ಲಿ ಪ್ರತಿ ಬೆಡ್ ಹತ್ತಿರವೂ ಕೇಳುತ್ತೇನೆ: "ಸಾರ್, ಈ ಸೆಂಟ್ರಲ್ ಲೈನು ಇವತ್ತೂ ಬೇಕಾ?" ದೊಡ್ಡ ರಕ್ತನಾಳಕ್ಕೆ ಹಾಕಿಡುವ ಔಷಧಿಯ ಕೊಳವೆ ಅದು. ಕೈಯ ಡ್ರಿಪ್‌ನಲ್ಲೇ ಔಷಧಿ ಹೋಗುವ ಹಾಗಿದ್ದರೆ ಕುತ್ತಿಗೆಯ ಲೈನು ತೆಗೆಸುತ್ತೇನೆ. "ನಾಳೆ ಬೇಕಾಗಬಹುದು" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಈ ಹಟಕ್ಕೆ ಕಾರಣ ಕ್ಯಾಂಡಿಡಾ ಎಂಬ ಫಂಗಸ್. ನಮ್ಮ ಕರುಳಿನಲ್ಲಿ, ಚರ್ಮದ ಮೇಲೆ ಅದು ಸುಮ್ನೆ ಇರುತ್ತದೆ. ತುಂಬ ದಿನ ಆಂಟಿಬಯಾಟಿಕ್ ಕೊಟ್ಟಾಗ ಬ್ಯಾಕ್ಟೀರಿಯಾ ಸಾಯುತ್ತವೆ, ಇದು ಬೆಳೆಯುತ್ತದೆ. ಲೈನಿಗೆ ಹತ್ತಿಕೊಂಡರೆ ತೊಟ್ಟಿಗೆ ಪಾಚಿ ಕಟ್ಟಿದ ಹಾಗೆ ಪದರ ಕಟ್ಟುತ್ತದೆ. ಅದರೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ.

ಕೆಲವು ಕ್ಯಾಂಡಿಡಾ ನಮ್ಮ ಕೈಯಿಂದಲೇ ಹೋಗುತ್ತವೆ. ಪ್ಯಾರಾಪ್ಸಿಲೋಸಿಸ್ ಅಂಥದ್ದು. ಅದಕ್ಕೇ ಡ್ಯೂಟಿಯಲ್ಲಿ ಬಳೆ, ಉಂಗುರ ಬೇಡ ಅಂತ ನರ್ಸ್ ಹುಡುಗಿಯರಿಗೆ ಹೇಳುತ್ತೇನೆ. ಔಷಧಿ ಕೊಡುವ ಮೊದಲು ಲೈನಿನ ಬಾಯಿಯನ್ನು ಸ್ಪಿರಿಟ್ ಸ್ವ್ಯಾಬ್‌ನಿಂದ 15 ಸೆಕೆಂಡು ಚೆನ್ನಾಗಿ ಉಜ್ಜಬೇಕು, ಆಮೇಲೆ ಒಣಗಲು ಬಿಡಬೇಕು. ಅವಸರದಲ್ಲಿ ತಪ್ಪಿಹೋಗುವುದು ಈ ಒಣಗಿಸುವುದೇ. ಟಿಪಿಎನ್, ಅಂದರೆ ರಕ್ತನಾಳದ ಮೂಲಕ ಕೊಡುವ ಆಹಾರ, ಹೋಗುವ ದಾರಿಯಲ್ಲಿ ಬೇರೇನೂ ಕೊಡುವುದಿಲ್ಲ. ಕೊಬ್ಬು ಇರುವ ಟಿಪಿಎನ್ ಆದರೆ 24 ಗಂಟೆಗೆ ಅದರ ಟ್ಯೂಬ್ ಸೆಟ್ ಬದಲು.

ಬ್ಲಡ್ ಕಲ್ಚರ್‌ನಲ್ಲಿ, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಯಲ್ಲಿ, "ಯೀಸ್ಟ್ ಕಾಣ್ತಿದೆ ಸಿಸ್ಟರ್" ಅಂತ ಲ್ಯಾಬಿನಿಂದ ಫೋನ್ ಬಂದರೆ ಕೂಡಲೇ ಡಾಕ್ಟರಿಗೆ ತಿಳಿಸುತ್ತೇನೆ. ಯೀಸ್ಟ್ ಅಂದರೆ ಕ್ಯಾಂಡಿಡಾದಂಥ ಫಂಗಸ್. ಮೂತ್ರದಲ್ಲಿ ಕಂಡರೆ ಬೇರೆ ಮಾತು. ರಕ್ತದಲ್ಲಿ ಒಂದೇ ಬಾಟಲಿಯಲ್ಲಿ ಬೆಳೆದರೂ ಅದನ್ನು ಸೋಂಕು ಅಂತಲೇ ನೋಡಬೇಕು. ಇನ್ನೊಂದು ಕಷ್ಟ, ಕಲ್ಚರ್ ಸುಮಾರು ಅರ್ಧದಷ್ಟು ಸಲ ಇದನ್ನು ಹಿಡಿಯುವುದೇ ಇಲ್ಲ. ಡಾಕ್ಟರ್ ಹೆಚ್ಚಾಗಿ ಕ್ಯಾಸ್ಪೋಫಂಜಿನ್ ಜಾತಿಯ ಫಂಗಸ್ ಔಷಧಿ ಶುರುಮಾಡುತ್ತಾರೆ. ಯಾಕಂದರೆ ಕ್ಯಾಂಡಿಡಾ ಆರಿಸ್ ಎಂಬ ಬಗೆ ಆಗಿದ್ದರೆ ಫ್ಲುಕೊನಜೋಲ್ ಎಂಬ ಇನ್ನೊಂದು ಫಂಗಸ್ ಔಷಧಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಹಳೆ ಲೈನು ಆದಷ್ಟು ಬೇಗ ಹೊರಗೆ. ಬೇಕೇ ಬೇಕಾದರೆ ಬೇರೆ ಜಾಗದಲ್ಲಿ ಹೊಸದು.

ಆಮೇಲಿನದು ತಾಳ್ಮೆಯ ಕೆಲಸ. ರಕ್ತದಲ್ಲಿ ಫಂಗಸ್ ಇಲ್ಲ ಅಂತ ಬರುವವರೆಗೆ ಮತ್ತೆ ಮತ್ತೆ ಕಲ್ಚರ್ ಕಳಿಸುತ್ತೇವೆ. ಹಾಗೆ ಬಂದ ದಿನದಿಂದ ಕಡಿಮೆ ಅಂದರೂ 14 ದಿನ ಔಷಧಿ. ಮಂಡ್ಯ ಕಡೆಯ ಹಳ್ಳಿಗಳಿಂದ ಬಂದವರು ಕೇಳುತ್ತಾರೆ, "ಜ್ವರ ಬಿಡ್ತಲ್ಲ ಸಿಸ್ಟರಮ್ಮ, ಊರಿಗೆ ಕರ್ಕೊಂಡು ಹೋಗ್ತೀವಿ." ಖರ್ಚಿನ ಚಿಂತೆ ಅವರಿಗಿರುತ್ತದೆ, ಅಲ್ವಾ? ಕೂರಿಸಿಕೊಂಡು ಹೇಳುತ್ತೇನೆ: "ಜ್ವರ ಬಿಟ್ಟರೂ ಇದು ಹೃದಯದ ಕವಾಟದಲ್ಲಿ, ಕಣ್ಣಿನಲ್ಲಿ ಉಳಿದಿರಬಹುದು ಅಣ್ಣ. ಕಣ್ಣಿನ ಡಾಕ್ಟರ್ ಬಂದು ಡ್ರಾಪ್ಸ್ ಹಾಕಿ ನೋಡ್ತಾರೆ. ಅಲ್ಲಿದ್ದರೆ ಔಷಧಿ ಇನ್ನೂ ಜಾಸ್ತಿ ದಿನ ಬೇಕು."